ಕರೆಂಟಾ, ಪೆಟ್ರೋಲಾ?

(ಮೈಸೂರಿನ ನಮ್ಮ ಬಡಾವಣೆಯ ಓದುಗರ ಕೂಟದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು. ಮಾತಿನ ಭರದಲ್ಲಿ ಹಿಂದೆ ಮುಂದೆ ಆಗಿದ್ದನ್ನು ಸ್ವಲ್ಪ ಸರಿ ಮಾಡಿದ್ದೇನೆ, ಅಷ್ಟೇ.)

ಎಲ್ಲರಿಗೂ ನಮಸ್ಕಾರ.

ಹೊರಗೆ ಬೋರ್ಡಿನಲ್ಲಿ ನನ್ನ ಹೆಸರಿನ ಕೆಳಗೆ 'ವಾಹನ ದುರಸ್ತಿ ತಜ್ಞೆ' ಅಂತ ಬರೆದಿದ್ದಾರೆ. ಮೊದಲು ಅದನ್ನು ಅಳಿಸಿಬಿಡೋಣ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ಹಳಗನ್ನಡದ ಪದ್ಯ ಕೊಟ್ಟರೆ ಬಿಡಿಸಿ ಹೇಳಬಲ್ಲೆ. ನಿಮ್ಮ ಕಾರು ಕೆಟ್ಟರೆ ದಯವಿಟ್ಟು ನನ್ನನ್ನು ಕರೀಬೇಡಿ. ನನಗೆ ಗೊತ್ತಿರುವುದು ಒಂದೇ ಒಂದು ಕಾರು. ಅದರಲ್ಲೂ ಅರ್ಧ ನನಗೆ ಗೊತ್ತು, ಇನ್ನರ್ಧ ಪಕ್ಕದ ಮನೆ ಮಾಮನಿಗೆ ಗೊತ್ತು. ಮಾಮ ಇವತ್ತು ಬಂದಿಲ್ಲ. 'ನೀನು ನನ್ನ ಬಗ್ಗೆ ಮಾತಾಡ್ತೀಯ, ನಾನು ಅಲ್ಲೇ ಕೂತು ಕೇಳೋದು ಚೆನ್ನಾಗಿರಲ್ಲ' ಅಂದರು. ಹೆಸರೂ ಹೇಳಬೇಡ ಅಂದಿದ್ದಾರೆ. ಹಾಗಾಗಿ ಇವತ್ತು ಅವರು ಬರೀ ಮಾಮ.

ಕಾರು 1986ರ ಪ್ರೀಮಿಯರ್ ಪದ್ಮಿನಿ. ನಮ್ಮನೇಲಿ ಯಾರೂ ಅದನ್ನು ಪದ್ಮಿನಿ ಅಂದವರಲ್ಲ, ಫಿಯೆಟ್ ಅಂತಲೇ ಅನ್ನೋದು. ಅದು ತಪ್ಪೂ ಅಲ್ಲ. ಇಟಲಿಯ ಫಿಯೆಟ್ 1100 ಕಾರನ್ನೇ ಬಾಂಬೆಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿಯವರು ಮಾಡುತ್ತಿದ್ದರು. 1974ರಲ್ಲಿ ಅದಕ್ಕೆ ಪದ್ಮಿನಿ ಅಂತ ಹೆಸರಿಟ್ಟರು. ಹೆಸರು ಬದಲಾಯಿತು, ಕಾರು ಹೆಚ್ಚು ಕಡಿಮೆ ಅದೇ. ನಾಲ್ಕು ಸಿಲಿಂಡರಿನ 1089 ಸಿಸಿ ಎಂಜಿನ್, ಸ್ಟೇರಿಂಗಿನ ಪಕ್ಕದಲ್ಲೇ ಗೇರ್ ಕಡ್ಡಿ, ಮುಂದೆ ಬೆಂಚಿನ ಥರದ ಉದ್ದ ಸೀಟು. ನಮ್ಮಪ್ಪ 1993ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡರು. ಮಂಡ್ಯದ ಅತ್ತೆ ಮನೆಗೆ ಹೋಗುವಾಗ ಮುಂದೆ ಮೂವರು, ಹಿಂದೆ ಐದು ಜನ, ಡಿಕ್ಕಿಯಲ್ಲಿ ಹಲಸಿನ ಹಣ್ಣು. ಈಗ ಹೇಳಿದರೆ ಪೊಲೀಸರು ಬರುತ್ತಾರೇನೋ.

2017ರಲ್ಲಿ ಅಪ್ಪನಿಗೆ ಕಣ್ಣು ಮಂಜಾಯಿತು. ಕಾರನ್ನು ಹೊಂಗೆ ಮರದ ಕೆಳಗೆ ನಿಲ್ಲಿಸಿ ಟಾರ್ಪಾಲು ಹೊದಿಸಿದರು. ವಾರಕ್ಕೊಮ್ಮೆ ಸ್ಟಾರ್ಟ್ ಮಾಡ್ತೀನಿ ಅಂದರು. ಮೂರು ವಾರ ಮಾಡಿದರು. ಆಮೇಲೆ ಅಪ್ಪ ಹೋದರು. ಕಾರು ಅಲ್ಲೇ ಉಳಿಯಿತು.

2023ರ ಯುಗಾದಿ ಕಳೆದ ಮೇಲೆ ಒಂದು ಬೆಳಗ್ಗೆ ಮಾಮ ನಮ್ಮ ಗೇಟು ತಟ್ಟಿದರು. ಸಹಾಯ ಮಾಡೋಕಲ್ಲ, ದೂರು ಹೇಳೋಕೆ. 'ಟೀಚರಮ್ಮ, ನಿಮ್ಮ ಕಾರಲ್ಲಿ ಇಲಿ ಸಂಸಾರ ಹೂಡಿದೆ. ಮಲಗೋಕೆ ನಿಮ್ಮನೆ, ಊಟಕ್ಕೆ ನಮ್ಮನೆ. ಇದಕ್ಕೊಂದು ದಾರಿ ಮಾಡಿ.'

ನಾನು ನಾಚಿಕೊಂಡು, ಗುಜರಿಯವನಿಗೆ ಹೇಳಿದ್ದೇನೆ, 18 ಸಾವಿರ ಕೊಡ್ತಾನಂತೆ, ಈ ವಾರವೇ ಕಳಿಸ್ತೀನಿ ಅಂದೆ. ಮಾಮ ಏನೂ ಮಾತಾಡದೆ ಟಾರ್ಪಾಲು ಸರಿಸಿ ಬಾನೆಟ್ ಎತ್ತಿದರು. ಆಯಿಲ್ ನೋಡುವ ಕಡ್ಡಿ ಎಳೆದು, ಬೆರಳಲ್ಲಿ ಉಜ್ಜಿ, ಮೂಸಿ ನೋಡಿದರು. 'ಕಪ್ಪಾಗಿದೆ. ಆದ್ರೆ ನೀರು ಸೇರಿಲ್ಲ. ಸೇರಿದ್ರೆ ಹಾಲು ಹಾಕಿದ ಕಾಫಿ ಥರ ಇರ್ತಿತ್ತು. ಎಂಜಿನ್ ಸತ್ತಿಲ್ಲ ಕಣಮ್ಮ, ನಿದ್ದೆ ಮಾಡ್ತಿದೆ.' ಮತ್ತೆ ನನ್ನ ಕೈ ನೋಡಿದರು. 'ನಿಮ್ಮ ಕೈ ನಡುಗಲ್ಲ ತಾನೇ?'

ಆ ಪ್ರಶ್ನೆ ಯಾಕೆ ಅಂತ ಆಮೇಲೆ ಗೊತ್ತಾಯಿತು. ಮಾಮ ಜಾವಾ ಬೈಕ್ ಫ್ಯಾಕ್ಟರಿಯ ಆಳು. ಯಾದವಗಿರಿಯ ಐಡಿಯಲ್ ಜಾವಾ, 1961ರಲ್ಲಿ ಶುರುವಾಗಿದ್ದು, 1996ರಲ್ಲಿ ಬಾಗಿಲು ಹಾಕಿದ್ದು. ಜಾವಾ ಹೋಗಿ ಯೆಜ್ಡಿ ಅಂತ ಹೆಸರು ಬಂದ ಮರುವರ್ಷ, 1974ರಲ್ಲಿ ಮಾಮ ಅಲ್ಲಿಗೆ ಸೇರಿದರು. ಇಪ್ಪತ್ತೆರಡು ವರ್ಷ ಎಂಜಿನ್ ಜೋಡಿಸುವ ಕೆಲಸ. ಯೆಜ್ಡಿ ಓಡಿಸಿದವರು ಇಲ್ಲಿ ಇದ್ದೀರಿ ಅಲ್ವಾ? ಕಿಕ್ ಹೊಡೆಯೋದೂ ಗೇರ್ ಹಾಕೋದೂ ಒಂದೇ ಲಿವರು. ಫ್ಯಾಕ್ಟರಿ ಮುಚ್ಚಿದ ಮೇಲೆ ಒಂದು ಕಾರ್ ಗ್ಯಾರೇಜಿನಲ್ಲಿ ಹದಿನೈದು ವರ್ಷ ದುಡಿದರು. ಈಗ ಎಪ್ಪತ್ತು ದಾಟಿದೆ. ಕೈ ನಡುಗುತ್ತೆ. ಸಣ್ಣ ಸ್ಕ್ರೂ ಹಿಡಿಯೋಕಾಗಲ್ಲ. ಕಿವಿ ಮಾತ್ರ ಚುರುಕು. ಬೀದಿ ತುದಿಯಲ್ಲಿ ಹೋಗುವ ಆಟೋ ಸದ್ದು ಕೇಳಿ, ಇವನದು ಪ್ಲಗ್ ಹೋಗಿದೆ ಅಂತಾರೆ. ಅಂದರೆ, ಅವರಿಗೆ ಎರಡು ಕೈ ಬೇಕಿತ್ತು. ನನಗೆ ಮಿಕ್ಕಿದ್ದೆಲ್ಲ ಬೇಕಿತ್ತು.

ಇಲ್ಲಿ ಒಂದು ಮಾತು, ಕನ್ನಡ ಮೇಡಂ ಅಂತ ಹೇಳಿಬಿಡ್ತೀನಿ. ಮಕ್ಕಳು ಶಾಲೆಯಲ್ಲಿ 'ಮೇಷ್ಟ್ರು' ಅಂತಾರಲ್ಲ, ಅದು ಇಂಗ್ಲಿಷಿನ ಮಾಸ್ಟರ್. ಗ್ಯಾರೇಜಿನ 'ಮೇಸ್ತ್ರಿ' ಬಂದದ್ದು ಪೋರ್ಚುಗೀಸರಿಂದ. ಎರಡಕ್ಕೂ ಬೇರು ಒಂದೇ ಲ್ಯಾಟಿನ್ ಪದ. ಇದನ್ನು ಮಾಮನಿಗೆ ಹೇಳಿದೆ. 'ಹಾಗಾದ್ರೆ ಸಂಬಳ ಯಾಕೆ ಬೇರೆ ಬೇರೆ?' ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೊದಲ ದಿನ ಸ್ಪ್ಯಾನರ್ ಕೊಡ್ತಾರೆ ಅಂದುಕೊಂಡಿದ್ದೆ. 'ಮನೇಲಿ ಹಳೇ ಇಡ್ಲಿ ತಟ್ಟೆ ಇದೆಯಾ?' ಅಂತ ಕೇಳಿದರು. ಇಡ್ಲಿ ಸ್ಟ್ಯಾಂಡಿನ ತಟ್ಟೆಗಳನ್ನು ಬಿಡಿಬಿಡಿಯಾಗಿ ತೆಗೆದು ಸಾಲಾಗಿ ಇಟ್ಟೆವು. ಒಂದೊಂದು ತಟ್ಟೆಯಲ್ಲಿ ನಾಲ್ಕು ಗುಳಿ. ಬಿಚ್ಚಿದ ನಟ್ಟು, ಬೋಲ್ಟು, ವಾಷರ್ ಎಲ್ಲಾ ಬಿಚ್ಚಿದ ಕ್ರಮದಲ್ಲೇ ಒಂದೊಂದು ಗುಳಿಗೆ. ಜೋಡಿಸುವಾಗ ಕೊನೆಯ ತಟ್ಟೆಯ ಕೊನೆಯ ಗುಳಿಯಿಂದ ವಾಪಸ್ ಬರೋದು. ಕೆಲಸ ಮುಗಿದಾಗ ಒಂದು ಗುಳಿಯಲ್ಲಿ ಒಂದು ವಾಷರ್ ಉಳಿದಿದ್ದರೂ ಎಲ್ಲಾ ಮತ್ತೆ ಬಿಚ್ಚಬೇಕು. 'ಒಂದು ಉಳೀತು, ಪರವಾಗಿಲ್ಲ' ಅಂದವನ ಕಾರಲ್ಲಿ ನಾನು ಕೂರಲ್ಲ ಅನ್ನೋದು ಅವರ ಮಾತು. ಆ ಇಡ್ಲಿ ತಟ್ಟೆ ಈಗಲೂ ಗ್ರೀಸ್ ವಾಸನೆ ಹೊಡೆಯುತ್ತೆ. ಅಮ್ಮ ಹೊಸ ಸ್ಟ್ಯಾಂಡ್ ತಗೊಂಡರು.

ಇಲಿ ಓಡಿಸಿದ್ದು, ಅವು ಕಡಿದ ವೈರುಗಳನ್ನು ಬದಲಾಯಿಸಿದ್ದು, ಪೆಟ್ರೋಲ್ ಟ್ಯಾಂಕ್ ಇಳಿಸಿ ಒಳಗೆ ಸೀಮೆಎಣ್ಣೆಯನ್ನೂ ಹಿಡಿಯಷ್ಟು ನಟ್ಟುಗಳನ್ನೂ ಹಾಕಿ ಕುಲುಕಿ ತುಕ್ಕು ಬಿಡಿಸಿದ್ದು, ಇದನ್ನೆಲ್ಲ ವಿವರವಾಗಿ ಹೇಳಲ್ಲ. ಬೇಸಿಗೆ ರಜೆಯ ಅರ್ಧ ಅದರಲ್ಲೇ ಹೋಯಿತು. ಆರು ವರ್ಷದ ಪೆಟ್ರೋಲ್ ಹೇಗಿತ್ತು ಗೊತ್ತಾ? ಹಳೇ ವಾರ್ನಿಶ್ ಥರ. ಬಣ್ಣವೂ ಹಾಗೇ, ವಾಸನೆಯೂ ಹಾಗೇ.

ಒಂದು ವಿಷಯ ಮಾತ್ರ ಹೇಳಲೇಬೇಕು. ವರ್ಷಗಟ್ಟಲೆ ನಿಂತ ಕಾರಿಗೆ ಹೊಸ ಬ್ಯಾಟರಿ ಹಾಕಿ ಸೀದಾ ಕೀ ತಿರುಗಿಸುವುದು ಎಲ್ಲರೂ ಮಾಡುವ ತಪ್ಪು. ಸಿಲಿಂಡರಿನ ಒಳಗೋಡೆಯಲ್ಲಿದ್ದ ಆಯಿಲ್ ಯಾವತ್ತೋ ಇಳಿದು ಹೋಗಿರುತ್ತೆ. ಪಿಸ್ಟನ್ನಿನ ರಿಂಗುಗಳು ತುಕ್ಕಿಗೆ ಅಂಟಿಕೊಂಡಿದ್ದರೆ ಸ್ಟಾರ್ಟರ್ ಮೋಟಾರಿನ ಬಲಕ್ಕೆ ಮುರಿದೇ ಹೋಗಬಹುದು. ಮಾಮ ಕಿಡಿ ಹಾರಿಸುವ ನಾಲ್ಕೂ ಪ್ಲಗ್ ಬಿಚ್ಚಿಸಿದರು. ಒಂದೊಂದು ತೂತಿಗೂ ಎರಡೆರಡು ಚಮಚ ಎಂಜಿನ್ ಆಯಿಲ್ ಬಿಡಿಸಿದರು. ಎರಡು ದಿನ ಮುಟ್ಟಬೇಡ ಅಂದರು. ಮೂರನೇ ದಿನ ಫ್ಯಾನ್ ಬೆಲ್ಟ್ ಅದುಮಿ ಹಿಡಿದು ಕೈಯಲ್ಲೇ ಫ್ಯಾನ್ ತಿರುಗಿಸಿದೆ. ಮೊದಲು ಅಲ್ಲಾಡಲಿಲ್ಲ. ಇನ್ನೊಂದು ದಿನ ಬಿಟ್ಟೆವು. ಮಾರನೇ ದಿನ ಗಟ್ಟಿಯಾಗಿ ಎಳೆದಾಗ ಒಳಗಿಂದ ಪ್ಲಗ್ಗಿನ ತೂತಿನಲ್ಲಿ 'ಪುಸ್' ಅಂತ ಗಾಳಿ ಬಂತು. ಮಾಮ ಕುರ್ಚಿಯಲ್ಲಿ ಕೂತಿದ್ದವರು, ಕಣ್ಣು ಮುಚ್ಚಿಕೊಂಡೇ, 'ಹ್ಞಾ, ಉಸಿರಾಡ್ತು' ಅಂದರು.

ನಾಲ್ಕು ಸ್ಟ್ರೋಕ್ ಅಂದರೇನು ಅಂತ ಅವರು ಹೇಳಿಕೊಟ್ಟ ರೀತಿ ಕೇಳಿ. ಮಾಮ ಎಲೆ ಅಡಿಕೆ ಪ್ರಿಯರು. ಅದೂ ಮೈಸೂರು ವೀಳ್ಯದೆಲೆಯೇ ಆಗಬೇಕು. 'ಬಾಯಿಗೆ ಹಾಕ್ಕೊಳೋದು ಒಂದು. ಬಾಯಿ ಮುಚ್ಚಿ ಅದುಮೋದು ಎರಡು. ಖಾರ ಹತ್ತೋದು ಮೂರು. ಉಗಿಯೋದು ನಾಲ್ಕು. ಇದೇ ಇಂಜಿನ್ನು.' ಪಠ್ಯಪುಸ್ತಕದಲ್ಲಿ ಹೀಗೆ ಬರೆಯೋಕಾಗಲ್ಲ, ಬರೆದಿದ್ದರೆ ನಾನು ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ಇನ್ನೂ ಹತ್ತು ಅಂಕ ತಗೋತಿದ್ದೆ.

ಈಗ ನನ್ನ ಮಾತಿನ ತಲೆಬರಹಕ್ಕೆ ಬರ್ತೀನಿ. ಸ್ಟಾರ್ಟ್ ಆಗದ ಹಳೇ ಕಾರಿನ ಮುಂದೆ ನಿಂತರೆ ಮಾಮ ಕೇಳುವುದು ಒಂದೇ ಪ್ರಶ್ನೆ. 'ಕರೆಂಟಾ, ಪೆಟ್ರೋಲಾ?' ಸ್ಟಾರ್ಟರ್ ತಿರುಗುತ್ತಿದೆ, ಎಂಜಿನ್ ಹತ್ತುತ್ತಿಲ್ಲ ಅಂದರೆ ಒಂದೋ ಕಿಡಿ ಬರ್ತಿಲ್ಲ, ಇಲ್ಲಾ ಪೆಟ್ರೋಲ್ ಬರ್ತಿಲ್ಲ. ಬೇರೆ ಕಾರಣಗಳೂ ಇವೆ, ಆದರೆ ಹತ್ತರಲ್ಲಿ ಒಂಬತ್ತು ಸಲ ಈ ಎರಡರಲ್ಲೇ ಒಂದು. ಅದನ್ನು ತೀರ್ಮಾನ ಮಾಡುವ ತನಕ ಸ್ಪ್ಯಾನರ್ ಮುಟ್ಟಬಾರದು. ಒಂದು ಪ್ಲಗ್ ಬಿಚ್ಚಿ, ವೈರಿಗೆ ಸಿಕ್ಕಿಸಿ, ಎಂಜಿನ್ನಿನ ಕಬ್ಬಿಣಕ್ಕೆ ತಾಗಿಸಿ ಇಟ್ಟು, ಇನ್ನೊಬ್ಬರ ಕೈಯಲ್ಲಿ ಸ್ಟಾರ್ಟರ್ ಹೊಡೆಸಬೇಕು. ಹತ್ತಿರದಲ್ಲಿ ಪೆಟ್ರೋಲ್ ಚೆಲ್ಲಿರಬಾರದು. ವೈರನ್ನು ಬರಿಗೈಯಲ್ಲಿ ಹಿಡಿಯಲೂಬಾರದು. ನೀಲಿ ಕಿಡಿ ಚಟ್ ಅಂತ ಹಾರಿದರೆ ಕರೆಂಟ್ ಸರಿ ಇದೆ, ಪೆಟ್ರೋಲ್ ಕಡೆ ನಡಿ. ಹಳದಿಯಾಗಿ ಸೊರಗಿದ ಕಿಡಿ ಬಂದರೆ, ಅಥವಾ ಬರದೇ ಇದ್ದರೆ, ಕರೆಂಟಿನ ಕಡೆ ನಡಿ.

ನಮ್ಮ ಕಾರಿನ ಕಿಡಿ ಹಳದಿ. 'ನಾಳೆ ಬಂದು ಪಾಯಿಂಟ್ ನೋಡೋಣ, ಅಲ್ಲೀವರೆಗೂ ಏನೂ ಮಾಡಬೇಡಿ' ಅಂತ ಹೇಳಿ ಮಾಮ ಮನೆಗೆ ಹೋದರು. ನನಗೆ ತಡೀಲಿಲ್ಲ. ಮಧ್ಯಾಹ್ನವೇ ಅಂಗಡಿಗೆ ಹೋಗಿ ಹೊಸ ಪ್ಲಗ್, ಹೊಸ ವೈರ್, ಹೊಸ ಕಂಡೆನ್ಸರ್, ಹೊಸ ಕಾಯಿಲ್ ಅಂತ ಕಿಡಿಗೆ ಸಂಬಂಧಪಟ್ಟ ನಾಲ್ಕು ಸಾಮಾನು ತಂದೆ. ಸಂಜೆ ಒಬ್ಬಳೇ ಕೂತು ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದೆ. ಕಿಡಿಯ ಕರೆಂಟನ್ನು ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳದಿಂದ ನಾಲ್ಕು ವೈರು ನಾಲ್ಕು ಪ್ಲಗ್ಗಿಗೆ ಹೋಗುತ್ತವೆ. ನಾನು ಅಚ್ಚುಕಟ್ಟಾಗಿ ಒಂದು, ಎರಡು, ಮೂರು, ನಾಲ್ಕು ಅಂತ ಸಾಲಾಗಿ ಸಿಕ್ಕಿಸಿದೆ. ಮಗ್ಗಿ ಬರುವವರು ಯಾರಾದರೂ ಹಾಗೇ ಮಾಡ್ತಾರೆ, ಅಲ್ವಾ?

ಕೀ ತಿರುಗಿಸಿದೆ. 'ಢಮ್!' ಅಂತ ಸೈಲೆನ್ಸರಿನಿಂದ ಸದ್ದು ಬಂತಲ್ಲ, ದಸರಾ ಫಿರಂಗಿ ಹೊಡೆದ ಹಾಗೆ. ಹೊಂಗೆ ಮರದ ಕಾಗೆಗಳೆಲ್ಲ ಎದ್ದವು. ಎದುರು ಮನೆಯವರು ಗ್ಯಾಸ್ ಸಿಲಿಂಡರ್ ಅಂದುಕೊಂಡು ಆಚೆ ಓಡಿಬಂದರು. ಮಾಮ ಬನಿಯನ್ನಿನಲ್ಲೇ ಕಾಂಪೌಂಡ್ ಹತ್ತಿರ ಬಂದು, 'ಏನಮ್ಮಾ ಮಾಡ್ದೆ ನೀನು?' ಅಂದರು.

ಅಲ್ಲಿಯವರೆಗೆ 'ಟೀಚರಮ್ಮ, ನೀವು' ಅನ್ನುತ್ತಿದ್ದವರು ಆವತ್ತಿಂದ 'ನೀನು'. ಆಮೇಲೆ ಯಾವತ್ತೂ ನೀವು ಅಂದಿಲ್ಲ. ಅದು ಬೈಗುಳ ಅಂತ ನನಗೆ ಅನ್ನಿಸಲಿಲ್ಲ.

ಎಂಜಿನ್ನಿನ ಸಿಲಿಂಡರುಗಳು ಸಾಲಾಗಿ ಉರಿಯಲ್ಲ. ಒಂದು, ಮೂರು, ನಾಲ್ಕು, ಎರಡು, ಹೀಗೆ ಉರೀತಾವೆ. ಒಂದು ಮತ್ತು ನಾಲ್ಕನೆಯ ಪಿಸ್ಟನ್ನುಗಳು ಒಟ್ಟಿಗೆ ಮೇಲೆ ಬರ್ತಾವೆ, ಎರಡು ಮತ್ತು ಮೂರನೆಯವು ಒಟ್ಟಿಗೆ. ಅದಕ್ಕೇ ಎರಡು ಜೋಡಿಗೂ ಸರದಿಯಲ್ಲಿ ಹಂಚಿ ಹೊಡೆಸೋದು. ನನ್ನ ಜೋಡಣೆಯಲ್ಲಿ ಒಂದನೆಯದು ಮಾತ್ರ ಸರಿ ಇತ್ತು. ಮಿಕ್ಕ ಮೂರಕ್ಕೂ ತಪ್ಪು ಹೊತ್ತಿನಲ್ಲಿ ಕಿಡಿ ಹೋಗಿ, ಉರಿಯದ ಪೆಟ್ರೋಲ್ ಸೈಲೆನ್ಸರಿನೊಳಗೆ ಉರಿದಿತ್ತು. ಒಂದು ಮೂರು ನಾಕು ಎರಡು. ಈಗ ನನ್ನ ಮೊಬೈಲಿನ ಲಾಕ್ ನಂಬರೂ ಅದೇ ಆಗಿತ್ತು. ಇವತ್ತು ನಿಮ್ಮೆಲ್ಲರ ಮುಂದೆ ಹೇಳಿದ ಮೇಲೆ ಬದಲಾಯಿಸಬೇಕು.

ವೈರ್ ಸರಿ ಮಾಡಿದ ಮೇಲೂ ಕಾರು ಹತ್ತಲಿಲ್ಲ. ಈಗ ತೊಂದರೆ ಶುರು. ನಾಲ್ಕು ಸಾಮಾನು ಒಟ್ಟಿಗೆ ಬದಲಾಯಿಸಿದ್ದೆನಲ್ಲ, ಯಾವುದು ಕೈಕೊಟ್ಟಿದೆ ಅಂತ ಹೇಗೆ ಹೇಳೋದು? ಮಾಮ ಬೈಯಲಿಲ್ಲ. ಹಳೇ ನಾಲ್ಕನ್ನೂ ವಾಪಸ್ ಹಾಕಿಸಿದರು. ಆಮೇಲೆ ದಿನಕ್ಕೆ ಒಂದೇ ಒಂದು ಹೊಸದು. ಕಿಡಿ ನೋಡು, ನೋಟ್‌ಬುಕ್ಕಿನಲ್ಲಿ ಬರಿ. ಪ್ಲಗ್, ವ್ಯತ್ಯಾಸ ಇಲ್ಲ. ವೈರ್, ಸ್ವಲ್ಪ ಪರವಾಗಿಲ್ಲ. ಕಾಯಿಲ್, ವ್ಯತ್ಯಾಸ ಇಲ್ಲ. ಹೊಸ ಕಂಡೆನ್ಸರ್ ಹಾಕಿದ ತಕ್ಷಣ ಕಿಡಿ ಹೆಚ್ಚು ಕಡಿಮೆ ಸತ್ತೇ ಹೋಯಿತು, ಎಲ್ಲೋ ಒಮ್ಮೊಮ್ಮೆ ಹಾರಿತು. ಡಬ್ಬಿಯಿಂದ ಆಗ ತಾನೇ ತೆಗೆದ ಹೊಸ ಸಾಮಾನು, ಹುಟ್ಟಾ ಕೆಟ್ಟಿತ್ತು! 1986ರದ್ದೋ ಅಥವಾ ಅಪ್ಪ ಯಾವಾಗ ಹಾಕಿಸಿದ್ದೋ, ಹಳೇದೇ ಚೆನ್ನಾಗಿತ್ತು. ಹೊಸದು ಅಂದರೆ ಸರಿಯಾದದ್ದು ಅಂತ ನಂಬಿದ್ದ ನನಗೆ ಅದು ನಿಜಕ್ಕೂ ಹೊಸ ಪಾಠ. ಮಾಮ, ಗ್ಯಾರೇಜಿನ ಜನಕ್ಕೆಲ್ಲ ಗೊತ್ತಿರುವ ವಿಷಯ ಅನ್ನುವ ಹಾಗೆ ತಲೆ ಆಡಿಸಿದರು, ಅಷ್ಟೇ.

ಹಾಗಾದರೆ ಹಳದಿ ಕಿಡಿಗೆ ಕಾರಣ ಏನು? ಪಾಯಿಂಟು. ಅವರು ಮೊದಲೇ ಹೇಳಿದ್ದು ಅದನ್ನೇ.

ಪಾಯಿಂಟ್ ಅಂದರೆ ಎರಡು ಸಣ್ಣ ಲೋಹದ ಗುಂಡಿಗಳು, ಮೆಣಸಿನ ಕಾಳಿಗಿಂತ ಚಿಕ್ಕವು. ಮುಖಕ್ಕೆ ಮುಖ ಕೊಟ್ಟು ಕೂತಿರುತ್ತವೆ. ಡಿಸ್ಟ್ರಿಬ್ಯೂಟರಿನ ನಡುವೆ ತಿರುಗುವ ಕಡ್ಡಿಗೆ ನಾಲ್ಕು ಉಬ್ಬು. ಉಬ್ಬು ತಳ್ಳಿದಾಗ ಗುಂಡಿಗಳು ಬಿಚ್ಚಿಕೊಳ್ಳುತ್ತವೆ, ಉಬ್ಬು ದಾಟಿದ ಮೇಲೆ ಮುಚ್ಚಿಕೊಳ್ಳುತ್ತವೆ. ಬಿಚ್ಚಿಕೊಂಡ ಆ ಕ್ಷಣ ಕಾಯಿಲಿನಲ್ಲಿ ಹರಿಯುತ್ತಿದ್ದ 12 ವೋಲ್ಟಿನ ಕರೆಂಟ್ ಕಡಿದುಹೋಗಿ, ಅದರೊಳಗಿನ ಇನ್ನೊಂದು ತಂತಿ ಸುರುಳಿಯಲ್ಲಿ ಸಾವಿರಾರು ವೋಲ್ಟ್ ಏಳುತ್ತೆ. ಅದೇ ಪ್ಲಗ್ಗಿನಲ್ಲಿ ಹಾರುವ ಕಿಡಿ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಈ ಪುಟ್ಟ ಗುಂಡಿಗಳು ಸೆಕೆಂಡಿಗೆ 100 ಸಲ ಬಿಚ್ಚಿ ಮುಚ್ಚುತ್ತವೆ. ಲೆಕ್ಕ ಮಾಡಿ ನೋಡಿದಾಗ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ಅಪ್ಪ ನಮ್ಮನ್ನು ಮಂಡ್ಯಕ್ಕೆ ಕರ್ಕೊಂಡು ಹೋಗ್ತಿದ್ದ ಒಂದೊಂದು ಗಂಟೆಯೂ ಇದು ಒಳಗೆ ಲಕ್ಷಗಟ್ಟಲೆ ಸಲ ಚಪ್ಪಾಳೆ ತಟ್ಟಿದೆ, ನಮಗೆ ಗೊತ್ತೇ ಇಲ್ಲ.

ನಮ್ಮ ಪಾಯಿಂಟಿನ ಒಂದು ಗುಂಡಿಯ ಮೇಲೆ ಪುಟ್ಟ ಗುಡ್ಡ, ಇನ್ನೊಂದರಲ್ಲಿ ಅದಕ್ಕೆ ತಕ್ಕ ಹಳ್ಳ. ಮೇಲೆ ಬೂದಿ ಬಣ್ಣದ ಪೊರೆ. ಮಾಮ ಹಿಂದೆ ಕೂತು ಟಾರ್ಚ್ ಹಿಡಿದರು. ಟಾರ್ಚಿನ ಬೆಳಕೂ ನಡುಗುತ್ತಿತ್ತು. ನಾನು ಸಣ್ಣ ಅರದಲ್ಲಿ ಗುಡ್ಡವನ್ನು ಉಜ್ಜಿ ಸಮ ಮಾಡಿದೆ. ಹಳ್ಳವನ್ನು ಪೂರ್ತಿ ತೆಗೆಯೋಕೆ ಹೋಗಬಾರದಂತೆ. ಆಮೇಲೆ ನಡುವಿನ ಸಂದು ಇಡಬೇಕು. ಸುಮಾರು 0.4 ಮಿಲಿಮೀಟರ್. ಅದಕ್ಕೆ ಫೀಲರ್ ಗೇಜ್ ಅಂತ ಬರುತ್ತೆ, ಸಣ್ಣ ಸಣ್ಣ ಉಕ್ಕಿನ ಎಲೆಗಳ ಬೀಸಣಿಗೆ. ಎಲೆ ಒಳಗೆ ತೂರಿಸಿದರೆ ಸಡಿಲವಾಗಿ ಬೀಳಬಾರದು, ಬಿಗಿಯಾಗಿ ಸಿಕ್ಕಿಕೊಳ್ಳಲೂಬಾರದು. 'ಪುಸ್ತಕದ ಎರಡು ಹಾಳೆ ಮಧ್ಯದಿಂದ ನವಿಲುಗರಿ ಎಳೀತೀಯಲ್ಲ, ಹಾಗೆ ಬರಬೇಕು' ಅಂದರು. ಸ್ಕ್ರೂ ಬಿಗಿ ಮಾಡುವಾಗ ಸಂದು ಮತ್ತೆ ಬದಲಾಗಿಬಿಡುತ್ತೆ. ಹನ್ನೊಂದು ಸಲ ಮಾಡಿದೆ. ಹನ್ನೆರಡನೆಯ ಸಲ ನವಿಲುಗರಿ ಬಂತು. ಪ್ಲಗ್ಗಿನ ಸಂದಿಗೆ ಮಾಮನಿಗೆ ಗೇಜೂ ಬೇಡ. ಕಬ್ಬಿಣ ಕೊಯ್ಯುವ ಹ್ಯಾಕ್ಸಾ ಬ್ಲೇಡಿನ ದಪ್ಪ ಸುಮಾರು 0.6 ಮಿಲಿಮೀಟರ್, ಪ್ಲಗ್ಗಿಗೆ ಬೇಕಾದ್ದೂ ಹೆಚ್ಚು ಕಡಿಮೆ ಅಷ್ಟೇ. ಮುರಿದ ಬ್ಲೇಡಿನ ಒಂದು ತುಂಡು ಅವರ ಎಲೆ ಅಡಿಕೆ ಡಬ್ಬಿಯಲ್ಲೇ ಇರುತ್ತೆ.

ಆವತ್ತು ಕಿಡಿ ನೀಲಿ. ಚೋಕ್ ಎಳೆದು ಕೀ ತಿರುಗಿಸಿದೆ. ಎರಡು ಸಲ ಕೆಮ್ಮಿ ಹತ್ತಿಕೊಂಡಿತು. ನಾವು ಸಿಲಿಂಡರಿಗೆ ಬಿಟ್ಟಿದ್ದ ಆಯಿಲೆಲ್ಲ ಬಿಳಿ ಹೊಗೆಯಾಗಿ ಬಂದು ಬೀದಿ ತುಂಬಿತು. ಅಮ್ಮ ಒಳಗಿಂದ ಬಂದು ಬಾಗಿಲಲ್ಲಿ ನಿಂತರು. 'ಇದೇ ಸದ್ದು' ಅಂತ ಹೇಳಿ ಒಳಗೆ ಹೋದರು.

ಎಂಜಿನ್ ಹತ್ತಿದ ಖುಷಿಗೆ ಒಂದು ರೌಂಡ್ ಹೋಗೋಣ ಅಂದೆ. ಮಾಮ ಕೀ ಕಿತ್ತುಕೊಂಡು ಜೇಬಿಗೆ ಹಾಕಿಕೊಂಡರು. 'ಕಾರು ಹೊರಡದೇ ಇದ್ರೆ ನಾಚಿಕೆ. ನಿಲ್ಲದೇ ಇದ್ರೆ ಸಾವು. ಮೊದ್ಲು ಬ್ರೇಕು.' ಈ ಒಂದು ವಿಷಯದಲ್ಲಿ ಅವರು ತಮಾಷೆ ಮಾಡಿದ್ದು ನಾನು ನೋಡಿಲ್ಲ. ಬರೀ ಜಾಕಿ ಕೊಟ್ಟು ಕಾರಿನ ಕೆಳಗೆ ಹೋಗಲೇಬಾರದು. ಜಾಕಿ ಕೊಟ್ಟ ಮೇಲೆ ಮರದ ದಿಮ್ಮಿ, ದಿಮ್ಮಿಯ ಜೊತೆಗೆ ಬಿಚ್ಚಿದ ಚಕ್ರವನ್ನೂ ಕೆಳಗೆ ತಳ್ಳಬೇಕು. ತುಕ್ಕು ಹಿಡಿದ ಬ್ರೇಕ್ ಪೈಪನ್ನು ನಾವು ಮುಟ್ಟಲಿಲ್ಲ. ಅದನ್ನು ಅವರ ಹಳೇ ಗ್ಯಾರೇಜಿನ ಹುಡುಗರನ್ನು ಕರೆಸಿ ಹೊಸದಾಗಿ ಹಾಕಿಸಿದೆವು. ಎಲ್ಲಾ ನಾವೇ ಮಾಡ್ತೀವಿ ಅನ್ನೋದು ಬ್ರೇಕಿನ ವಿಷಯದಲ್ಲಿ ಬುದ್ಧಿವಂತಿಕೆ ಅಲ್ಲ.

ಏರ್ ತೆಗೆಯುವುದು ಮಾತ್ರ ನಾವೇ ಮಾಡಿದೆವು. ಬ್ರೇಕಿನ ಎಣ್ಣೆಯ ದಾರಿಯಲ್ಲಿ ಗಾಳಿಗುಳ್ಳೆ ಇದ್ದರೆ ಪೆಡಲ್ ಸ್ಪಂಜಿನ ಥರ ಒಳಗೆ ಹೋಗುತ್ತೆ, ಚಕ್ರ ಹಿಡಿಯಲ್ಲ. ಎಣ್ಣೆಯನ್ನು ಅದುಮೋಕಾಗಲ್ಲ, ಗಾಳಿಯನ್ನು ಅದುಮಬಹುದು, ಅದೇ ತೊಂದರೆ. ಒಬ್ಬರು ಪೆಡಲ್ ಒತ್ತಬೇಕು, ಇನ್ನೊಬ್ಬರು ಚಕ್ರದ ಹತ್ತಿರ ನಿಪ್ಪಲ್ ಸಡಿಲಿಸಿ ಗಾಳಿ ಬಿಡಬೇಕು. ಪೆಡಲಿನಿಂದ ತುಂಬಾ ದೂರದ ಚಕ್ರ ಮೊದಲು, ಅಂದರೆ ಹಿಂದಿನ ಎಡಗಡೆಯದು. ಕೈ ನಡುಗಿದರೂ ಕಾಲು ನಡುಗಲ್ಲವಲ್ಲ, ಮಾಮ ಸೀಟಿನಲ್ಲಿ ಕೂತರು. ನಾನು ಕೆಳಗೆ. 'ಒತ್ತಿ... ಒತ್ತಿ... ಹಿಡ್ಕೊಳ್ಳಿ!' ಅಂತ ಕೂಗುವವಳು ನಾನು. 'ಹಿಡಿದಿದೀನಿ' ಅನ್ನೋದು ಅವರು. ನಾನು ನಿಪ್ಪಲ್ ಬಿಚ್ಚಿ, ಟ್ಯೂಬಿನಲ್ಲಿ ಗುಳ್ಳೆ ಬರೋದು ನೋಡಿ, ಮುಚ್ಚಿ, 'ಬಿಡಿ' ಅನ್ನಬೇಕು. ಮುಚ್ಚುವ ಮೊದಲೇ ಅವರು ಕಾಲೆತ್ತಿದರೆ ಗಾಳಿ ವಾಪಸ್ ಒಳಗೆ, ಮಾಡಿದ್ದೆಲ್ಲ ನೀರಲ್ಲಿ ಹೋಮ. ಮುಖ ಕಾಣಲ್ಲ, ದನಿ ಮಾತ್ರ. ಅರ್ಧ ದಿನ ಇಡೀ ಬೀದಿಗೆ ಕೇಳುವ ಹಾಗೆ ಒತ್ತಿ, ಹಿಡಿರಿ, ಬಿಡಿ. ಹೆರಿಗೆ ಆಸ್ಪತ್ರೆ ಥರ ಇತ್ತು ಅಂತ ಎದುರು ಮನೆಯವರು ಹೇಳಿದರು.

ಚೆಲ್ಲಿದ ಬ್ರೇಕ್ ಆಯಿಲನ್ನು ತಕ್ಷಣ ನೀರು ಹಾಕಿ ತೊಳೀಬೇಕು, ಅದು ಬಣ್ಣ ತಿನ್ನುತ್ತೆ. ನಮ್ಮ ಕಾರಿನ ಹಿಂದಿನ ಮಡ್‌ಗಾರ್ಡಿನ ಮೇಲೆ ಅಂಗೈ ಅಗಲ ಬಣ್ಣ ಎದ್ದಿದೆ. ಹೋಗುವಾಗ ನೋಡಿ, ಅದು ನನ್ನ ಸಹಿ.

ಕಾಗದ ಪತ್ರದ ವಿಷಯ ಚುಟುಕಾಗಿ ಹೇಳ್ತೀನಿ. 15 ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5000 ಆಗಿತ್ತು. ತಡ ಮಾಡಿದ್ದಕ್ಕೆ ದಂಡ ಬೇರೆ. 'ವಿಂಟೇಜ್' ಅಂತ ನೋಂದಾಯಿಸೋಣ ಅಂದರೆ ಕಾರಿಗೆ 50 ವರ್ಷ ತುಂಬಿರಬೇಕಂತೆ. ನಮ್ಮದು ಆ ಮರ್ಯಾದೆಗೆ ಇನ್ನೂ ಚಿಕ್ಕದು. ನಾವು ಇದನ್ನೆಲ್ಲ ಓಡಾಡಿ ಮಾಡುತ್ತಿದ್ದ ಹೊತ್ತಿಗೇ, 2023ರ ಅಕ್ಟೋಬರ್ ಕೊನೆಗೆ, ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಇಳಿಯಿತು. ಅಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿ. ಪೇಪರಿನಲ್ಲಿ ಫೋಟೊ ನೋಡಿ ಮಾಮ, 'ಸ್ಪೇರ್ ಪಾರ್ಟ್ಸ್ ಸಿಗಬಹುದು ಇನ್ನು' ಅಂದರು. ದುಃಖಪಡಬೇಕಾದ ಜಾಗದಲ್ಲಿ ಮೆಕ್ಯಾನಿಕ್‌ಗಳು ಹೀಗೇ ಯೋಚಿಸೋದು. ಆಮೇಲೆ ನಾನೇ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಫ್ಯೂಯಲ್ ಪಂಪಿನ ಡಯಾಫ್ರಾಮ್, ಅಂದರೆ ಪೆಟ್ರೋಲ್ ಎಳೆಯುವ ರಬ್ಬರ್ ಪೊರೆ, ತಂದೆ.

ಆ ಡಯಾಫ್ರಾಮ್ ಯಾಕೆ ಹೋಯಿತು ಅನ್ನೋದರಲ್ಲಿ ನಮ್ಮ ಮಂಡ್ಯದ ಕೈವಾಡ ಇದೆ. ಈಗಿನ ಪೆಟ್ರೋಲಿಗೆ ಎಥನಾಲ್ ಸೇರಿಸ್ತಾರೆ. ನೂರಕ್ಕೆ 20 ಭಾಗ ಎಥನಾಲ್ ಇರುವ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು. ಎಥನಾಲ್ ಬರೋದು ಮುಖ್ಯವಾಗಿ ಕಬ್ಬಿನಿಂದ, ಧಾನ್ಯದಿಂದ. 1986ರ ಕಾರಿನ ರಬ್ಬರ್ ಅದಕ್ಕಾಗಿ ಮಾಡಿದ್ದಲ್ಲ. ಪೈಪು ಮೆತ್ತಗಾಗುತ್ತೆ, ಡಯಾಫ್ರಾಮ್ ಊದಿಕೊಳ್ಳುತ್ತೆ. ಎಥನಾಲ್ ನೀರನ್ನು ಎಳೆದುಕೊಳ್ಳುವುದರಿಂದ ನಿಂತ ಕಾರಿನ ಟ್ಯಾಂಕಿಗೆ ತುಕ್ಕೂ ಬೇಗ. ಮಾಮನ ಮಾತಲ್ಲಿ ಹೇಳೋದಾದರೆ, 'ಮಂಡ್ಯದ ಕಬ್ಬಿನ ಸಾರಾಯಿ ಕುಡಿಸ್ತಿದೀವಿ, ಮುದುಕಿಗೆ ತಡೀಬೇಕಲ್ಲ.' ಮಂಡ್ಯದ ಅತ್ತೆಗೆ ಇದನ್ನು ಹೇಳಿದೆ. ಕಬ್ಬಿನ ಬಾಕಿ ದುಡ್ಡು ಮೊದಲು ಬರಲಿ, ಆಮೇಲೆ ನಿಮ್ಮ ಕಾರಿನ ಕಷ್ಟ ಕೇಳ್ತೀನಿ ಅಂದರು. ಪೈಪುಗಳನ್ನೆಲ್ಲ ಬದಲಾಯಿಸಿದೆ. ಆರು ತಿಂಗಳಿಗೊಮ್ಮೆ ಬೆರಳಲ್ಲಿ ಹಿಸುಕಿ ನೋಡ್ತೀನಿ.

ಕೊನೆಗೆ ಒಂದು ಫೆಬ್ರವರಿ ಮಧ್ಯಾಹ್ನ ಚಾಮುಂಡಿ ಬೆಟ್ಟಕ್ಕೆ ಹೊರಟೆವು. ಮಧ್ಯಾಹ್ನ ಹೋಗಿದ್ದೇ ತಪ್ಪು. ಬಿಸಿಲು, ಏರು, ಮುಂದೆ ಒಂದು ಟೂರಿಸ್ಟ್ ಬಸ್ಸು, ಎರಡನೇ ಗೇರಿನಲ್ಲೇ ಹತ್ತಬೇಕು. ನಂದಿಗೆ ತಿರುಗುವ ರಸ್ತೆ ಇನ್ನೂ ಸ್ವಲ್ಪ ದೂರ ಇರುವಾಗ ಕಾರು ಎರಡು ಸಲ ಜಗ್ಗಿ ನಿಂತುಹೋಯಿತು. ಪಕ್ಕಕ್ಕೆ ತೆಗೆದು ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಮಾಮನ ಕಡೆ ನೋಡಿದೆ. ಮಾಮ ಮುಂದಿನ ಸೀಟಿನಲ್ಲಿ ಕಡ್ಲೆಕಾಯಿ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ. ಕರೆಂಟಾ ಪೆಟ್ರೋಲಾ ಅಂತ ಕೇಳಲೂ ಇಲ್ಲ.

ಬಾನೆಟ್ ಎತ್ತಿದೆ. ಗಾಳಿಗೆ ಸ್ವಲ್ಪ ತಣ್ಣಗಾಗಲಿ ಅಂತ ಬಿಟ್ಟು, ಪ್ಲಗ್ ಬಿಚ್ಚಿ, ಬೊಂಬಾಯಿ ಮಿಠಾಯಿ ಮಾರುವ ಹುಡುಗನ ಕೈಯಲ್ಲಿ ಕೀ ತಿರುಗಿಸಿ ನೋಡಿದೆ. ಕಿಡಿ ನೀಲಿ. ಹಾಗಾದರೆ ಪೆಟ್ರೋಲು. ಟ್ಯಾಂಕಿನಲ್ಲಿ ಇದೆ, ಕಾರ್ಬೊರೇಟರಿಗೆ ಬರ್ತಿಲ್ಲ. ಪಂಪಿನ ಮೇಲೆ ಬೆರಳಿಟ್ಟರೆ ಹಂಚಿನ ಬಿಸಿ. ಎಂಜಿನ್ನಿಗೇ ಅಂಟಿಕೊಂಡಿರುವ ಪಂಪು ಅದು. ಕಾವಿಗೆ ಒಳಗಿನ ಪೆಟ್ರೋಲ್ ಕುದ್ದು ಆವಿಯಾಗಿದೆ. ಪಂಪು ಪೆಟ್ರೋಲನ್ನು ಎಳೆಯುತ್ತೆ, ಆವಿಯನ್ನು ಎಳೆಯೋಕಾಗಲ್ಲ. ವೇಲ್ ತೆಗೆದು, ಬಾಟಲಿ ನೀರಿನಲ್ಲಿ ನೆನೆಸಿ, ಪಂಪಿಗೆ ಸುತ್ತಿದೆ. ಹೊಗೆ ಥರ ಆವಿ ಎದ್ದಿತು. ಆರಿದ ಹಾಗೆ ಮತ್ತೆ ನೀರು. ಹತ್ತು ನಿಮಿಷ. ಪ್ಲಗ್ ಹಾಕಿ, ವೈರ್ ಸಿಕ್ಕಿಸಿ, ಕೀ ತಿರುಗಿಸಿದೆ. ಹತ್ತಿತು.

ನಾನು ಸೀಟಿನಲ್ಲಿ ಕೂತು, ಏನಾದರೂ ಹೇಳ್ತಾರಾ ಅಂತ ಕಾದೆ. ಮಾಮ ಬಾಟಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು.

'ಎಲ್ಲಾ ಕಾರಿಗೇ ಕುಡಿಸಿದ್ಯಾ? ನಂಗೊಂದು ಗುಟುಕು ಉಳಿಸಬಾರದಿತ್ತಾ? ಕಡ್ಲೆಕಾಯಿ ತಿಂದು ಗಂಟಲು ಒಣಗಿದೆ.'

ಪ್ರಶ್ನೆ ಇದ್ದರೆ ಕಾಫಿ ಕುಡೀತಾ ಕೇಳಿ. ಕಾರು ಗೇಟಿನ ಪಕ್ಕ ನಿಂತಿದೆ. ಕೆಳಗೆ ಒಂದು ರಟ್ಟು ಹಾಕಿದ್ದೇನೆ, ಸ್ವಲ್ಪ ಆಯಿಲ್ ತೊಟ್ಟಿಕ್ಕುತ್ತೆ. ಅದನ್ನು ಯಾರೂ ತೆಗೀಬೇಡಿ. ನಾಳೆ ಎಷ್ಟು ಹನಿ ಬಿದ್ದಿದೆ ಅಂತ ಮಾಮನಿಗೆ ಲೆಕ್ಕ ಒಪ್ಪಿಸಬೇಕು.